ಒಂದು ಮಾತು ಕೇಳಿ

ಬರವಣಿಗೆಯ ಪರೀಕ್ಷೆಯಲ್ಲಿ ಆಸೀಫ್ ಪಾಸಾಗಿದ್ದ. ಫೇಲಾದದ್ದು ಬಾಯಿಮಾತಿನ ಪರೀಕ್ಷೆಯಲ್ಲಿ, ಅದೂ ಒಂದೇ ಒಂದು ಉತ್ತರಕ್ಕೆ.

ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಗೆ ಹೊಂದಿಕೊಂಡ ಒಂದು ಅಕ್ಕಿ ಮಿಲ್ಲಿನಲ್ಲಿ ಅವನು ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದ. ಭತ್ತದ ಹೊಟ್ಟಿನಿಂದ ಬೆಂಕಿ, ಬೆಂಕಿಯಿಂದ ಉಗಿ, ಉಗಿಯಿಂದ ಸ್ಟೀಮ್ ಅಕ್ಕಿ. ಹೊಟ್ಟು ಹಾಕುವವನಿಗೆ ಯಾವ ಕಾಗದವೂ ಬೇಡ. ಬಾಯ್ಲರ್ ನಡೆಸುವವನಿಗೆ ಸರ್ಕಾರದ ಸರ್ಟಿಫಿಕೇಟು ಬೇಕು. ಅದಕ್ಕೆ ಎರಡು ಪರೀಕ್ಷೆ, ಎರಡೂ ಬೆಂಗಳೂರಿನಲ್ಲಿ.

ಬಾಯಿಮಾತಿನ ಪರೀಕ್ಷೆಯ ಕೋಣೆಯಲ್ಲಿ ಮೇಜಿನಾಚೆ ಮೂವರು ಅಧಿಕಾರಿಗಳು ಕುಳಿತಿದ್ದರು. ಮೊದಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ನಡುವೆ ಕುಳಿತಿದ್ದ ಕನ್ನಡಕದವರು ಕೇಳಿದರು.

“ಬಾಯ್ಲರ್ ಓಡ್ತಾ ಇದೆ. ಗ್ಲಾಸಲ್ಲಿ ನೀರಿನ ಗೆರೆ ಕಾಣ್ತಾ ಇಲ್ಲ. ಮೊದಲು ಏನ್ ಮಾಡ್ತೀಯಪ್ಪ?”

ಗ್ಲಾಸು ಎಂದರೆ ಬಾಯ್ಲರಿನ ಮುಂಭಾಗದಲ್ಲಿ ನೆಟ್ಟಗೆ ಕೂರಿಸಿದ ಗಾಜಿನ ಕೊಳವೆ. ಒಳಗೆ ನೀರು ಎಷ್ಟಿದೆ ಎಂದು ಹೊರಗಿನವರಿಗೆ ತಿಳಿಯುವುದು ಅದರಿಂದಲೇ. ನೀರು ತೀರಿದ ಬಾಯ್ಲರಿನಡಿ ಬೆಂಕಿ ಉರಿಯುತ್ತಲೇ ಇದ್ದರೆ ಕಬ್ಬಿಣ ಕೆಂಪಗಾಗಿ, ಮೆತ್ತಗಾಗಿ, ಮಿಲ್ಲಿಗೆ ಮಿಲ್ಲೇ ಹಾರಿಹೋಗಬಹುದು. ಇದು ಆಸೀಫನಿಗೆ ಗೊತ್ತಿತ್ತು. ಹಾಳೆಯ ಮೇಲೆ ಬರೆದೂ ಇದ್ದ. ಎದುರಿಗೆ ದೊಡ್ಡವರು ಕುಳಿತು ಕೇಳಿದಾಗ ಬಾಯಿಗೆ ಬಂದದ್ದು ಮಾತ್ರ ಬೇರೆ.

“ಸಾವಕಾರ್ರನ್ನ ಒಂದ್ ಮಾತು ಕೇಳ್ತೀನ್ರಿ.”

ಕನ್ನಡಕದವರು ಪೆನ್ನು ಕೆಳಗಿಟ್ಟರು. “ಅಲ್ಲಿವರೆಗೂ ಬಾಯ್ಲರು ಕಾಯ್ತಾ ಇರತ್ತಾ?”

ಆಸೀಫನಿಗೆ ಆ ಮಾತು ಒಂದೇ ಅರ್ಥದಲ್ಲಿ ಕೇಳಿಸಿತು. ಕೆಳಗೆ ಬೆಂಕಿ ಇದ್ದಮೇಲೆ ಬಾಯ್ಲರು ಕಾಯಲೇಬೇಕಲ್ಲ.

“ಹೌದ್ರಿ. ಕಾಯ್ತಿರ್ತದ್ರಿ,” ಎಂದ.

ಮೂವರೂ ನಕ್ಕರು. ಯಾಕೆ ನಕ್ಕರೆಂದು ಅವನಿಗೆ ಹೊಳೆದದ್ದು ಬಸ್ಸು ಹಿರಿಯೂರು ದಾಟಿದ ಮೇಲೆ. ಆಗ ಪಕ್ಕದಲ್ಲಿ ಕುಳಿತವನಿಗೆ ಹೇಳಿಕೊಂಡು ನಗುವಂತೆಯೂ ಇರಲಿಲ್ಲ.

ಅವನ ಉತ್ತರ ಸುಳ್ಳಾಗಿರಲಿಲ್ಲ. ಮಿಲ್ಲಿನಲ್ಲಿ ಹಾಗೆಯೇ ನಡೆಯುತ್ತಿತ್ತು. ನೆನೆಸಿದ ಭತ್ತ ತೊಟ್ಟಿಯಲ್ಲಿ ಉಗಿ ಕುಡಿಯುತ್ತಿರುವಾಗ ಬೆಂಕಿ ನಿಂತರೆ ಆ ತೊಟ್ಟಿಯಷ್ಟೂ ಭತ್ತ ನಾರುತ್ತದೆ, ಅಕ್ಕಿ ಕೆಂಪಾಗುತ್ತದೆ. ಆದ್ದರಿಂದ ಬೆಂಕಿಯ ಮೇಲೆ ಕೈ ಹಾಕುವ ಮುಂಚೆ ಮುಂದಿನ ಆಫೀಸಿನಲ್ಲಿ ಕುಳಿತ ಮಾನಪ್ಪ ಸಾವಕಾರರನ್ನು ಒಂದು ಮಾತು ಕೇಳಬೇಕು. ಮಿಲ್ಲೇಕೆ, ಆ ಕಡೆ ಎಲ್ಲ ಮನೆಗಳಲ್ಲೂ ಇದೇ ರೀತಿ. ಎಮ್ಮೆ ಮಾರುವುದಿದ್ದರೆ ಅಣ್ಣನನ್ನು ಒಂದು ಮಾತು ಕೇಳಬೇಕು. ಗೋಡೆಗೆ ಸುಣ್ಣ ಹೊಡೆಯುವುದಿದ್ದರೆ ಆಚೆ ಮಗ್ಗುಲಿನವರನ್ನು ಕೇಳಬೇಕು. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೇಳದೆ ಮಾಡಿದರೆ ಮಾಡಿದ್ದಕ್ಕಿಂತ ಕೇಳದ್ದೇ ದೊಡ್ಡ ತಪ್ಪಾಗುತ್ತದೆ.

ಫೇಲಾದ ಸುದ್ದಿ ಕೇಳಿ ಮಾನಪ್ಪ ಸಾವಕಾರರು ಬೈಯಲಿಲ್ಲ. ಬಾಯ್ಲರ್ ನಡೆಸುವ ಶಾವಲಿ ಚಾಚಾ ಈ ಹಂಗಾಮು ಮುಗಿಸಿ ಮುದಗಲ್ಲಿನ ಮಗಳ ಮನೆಗೆ ಹೋಗುವವನಿದ್ದಾನೆ, ಅಷ್ಟರಲ್ಲಿ ಪಾಸಾದರೆ ಬಾಯ್ಲರು ನಿನ್ನದು, ಆಗದಿದ್ದರೆ ಗಂಗಾವತಿಯಿಂದ ಒಬ್ಬ ಸರ್ಟಿಫಿಕೇಟಿನವನು ಬರಲು ತಯಾರಿದ್ದಾನೆ ಎಂದರು. ಶಾವಲಿ ಚಾಚಾ ಮಿಲ್ಲಿನಲ್ಲಿ ಸರ್ಟಿಫಿಕೇಟು ಇದ್ದ ಒಬ್ಬನೇ ಮನುಷ್ಯ. ಗಂಗಾವತಿಯವನು ಹರೆಯದವನು ಎಂದು ಆಸೀಫ್ ಕೇಳಿದ್ದ. ಅವನು ಒಮ್ಮೆ ಬಂದು ಕುಳಿತರೆ ಆಸೀಫ್ ಗಡ್ಡ ಬೆಳ್ಳಗಾಗುವ ತನಕ ಹೊಟ್ಟು ಹಾಕುತ್ತಲೇ ಇರಬೇಕು. ಮುಂದಿನ ಪರೀಕ್ಷೆ ಚಳಿಗಾಲ ಕಳೆದ ಮೇಲೆ. ಇನ್ನೊಂದೇ ಅವಕಾಶ.

ಅವನ ಜೊತೆ ಹೊಟ್ಟು ಹಾಕುವ ಹುಲಿಗೇಶನಿಗೆ ಮಾತ್ರ ಕೆಲವು ದಿನ ಹಬ್ಬವಾಯಿತು. ಬೀಡಿ ಹಚ್ಚುವ ಮುಂಚೆ, ಚಹಾಕ್ಕೆ ಹೋಗುವ ಮುಂಚೆ, ಬಚ್ಚಲಿಗೆ ಹೋಗುವ ಮುಂಚೆ ಆಸೀಫನ ಮುಂದೆ ಕೈಕಟ್ಟಿ ನಿಂತು, “ಒಂದ್ ಮಾತು ಕೇಳ್ತೀನ್ರಿ,” ಅನ್ನುತ್ತಿದ್ದ. ಆಸೀಫ್ ಹೊಟ್ಟಿನ ಬುಟ್ಟಿ ಎತ್ತಿ ಅವನ ತಲೆಯ ಮೇಲೆ ಸುರಿದ ದಿನ ಅದು ನಿಂತಿತು.

ಮಸ್ಕಿಯ ಮನೆಯಲ್ಲಿ ಪಾಠ ಹೇಳಿಕೊಟ್ಟವಳು ಅಕ್ಕ ಮಹೆಕ್. ಅವಳು ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಲಿಂಗಸುಗೂರಿಗೆ ಹೋಗಿದ್ದಳು. ಹೋದ ವರ್ಷದ ಮಳೆಗಾಲದಲ್ಲಿ ಗಂಡ ಜ್ವರದಿಂದ ತೀರಿಕೊಂಡ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ತವರಿಗೆ ಬಂದಳು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಓಣಿಯ ಹೆಂಗಸರು ಮೊದಲು ಅದನ್ನು ಸಬರ್, ದೊಡ್ಡ ತಾಳ್ಮೆ ಎಂದು ಹೊಗಳಿದರು. ಆಮೇಲೆ ಹೊಗಳುವುದನ್ನೂ ನಿಲ್ಲಿಸಿದರು.

ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಪಾಠ ಮಾತ್ರ ಕನ್ನಡದಲ್ಲೇ ಆಗಬೇಕು ಎಂದು ಮಹೆಕ್ ಮೊದಲ ದಿನವೇ ಹೇಳಿದಳು. ಪರೀಕ್ಷೆಯ ಕೋಣೆಯಲ್ಲಿ ಯೋಚನೆ ಒಂದು ಭಾಷೆಯಲ್ಲಿ, ಬಾಯಿ ಇನ್ನೊಂದರಲ್ಲಿ ನಡೆಯಬಾರದು ಎನ್ನುವುದು ಅವಳ ಲೆಕ್ಕ. ಅವನು ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕೈಕಾಲು ತೊಳೆಯುವಷ್ಟರಲ್ಲಿ ಅವಳು ಪುಂಡಿಪಲ್ಲೆ ಸೋಸುತ್ತಲೋ ಉಳ್ಳಾಗಡ್ಡಿ ಹೆಚ್ಚುತ್ತಲೋ ಪ್ರಶ್ನೆ ಶುರು ಮಾಡುತ್ತಿದ್ದಳು. ಸುತ್ತಿ ಬಳಸಿ ಎಲ್ಲಿಂದ ಹೊರಟರೂ ಕೊನೆಗೆ ಅದೇ ಪ್ರಶ್ನೆಗೆ ಬರುತ್ತಿದ್ದಳು.

“ಗ್ಲಾಸಿನ್ಯಾಗ ಗೆರಿ ಕಾಣವಲ್ದು. ಏನ್ ಮಾಡ್ತಿ?”

“ಹೊಟ್ಟು ಬಂದ್ ಮಾಡ್ತೀನಿ. ಬೆಂಕಿಗೆ ಗಾಳಿ ಊದೋ ಫ್ಯಾನ್ ಬಂದ್ ಮಾಡ್ತೀನಿ. ಬೆಂಕಿ ಹೊರಗ ಎಳೀತೀನಿ. ನೀರು ಮಾತ್ರ ಬಿಡಂಗಿಲ್ಲ.”

“ನೀರು ಯಾಕ ಬಿಡಂಗಿಲ್ಲ?”

“ಕಾದ ಹಂಚಿನ ಮ್ಯಾಲ ತಣ್ಣೀರು ಬಿದ್ದಂಗ ಆಕ್ಕತಿ. ಒಡೀತದ.”

“ಮತ್ತ?”

ಈ “ಮತ್ತ”ದ ಮುಂದೆ ಅವನು ಪ್ರತಿ ಸಲ ಎಡವುತ್ತಿದ್ದ. “ಮತ್ತ ಸಾವಕಾರ್ರಿಗೆ” ಎಂದು ಬಾಯಿ ತೆರೆದರೆ ಸಾಕು, ಅವಳು ಹೆಚ್ಚುವುದನ್ನು ನಿಲ್ಲಿಸುತ್ತಿದ್ದಳು. ಮೊದಲಿನಿಂದ ಹೇಳು ಎನ್ನುತ್ತಿದ್ದಳು. ಅವನು ಮೊದಲಿನಿಂದ ಹೇಳುತ್ತಿದ್ದ.

ಒಂದು ಸಂಜೆ ಅವನಿಗೆ ರೇಗಿತು. ಕೇಳಿದರೆ ಏನು ಗಂಟು ಹೋಗುತ್ತದೆ, ಫೋನು ಕಿಸೆಯಲ್ಲೇ ಇರುತ್ತದೆ, ಒಂದು ನಿಮಿಷದ ಮಾತು, ನಾಳೆ ಭತ್ತ ಕೆಟ್ಟರೆ ಪುಸ್ತಕ ಬರೆದವರು ಬಂದು ಜವಾಬು ಹೇಳುತ್ತಾರೇನು ಎಂದು ದಖನಿಯಲ್ಲೇ ಜೋರು ಮಾಡಿದ. ಒಲೆಯ ಹತ್ತಿರ ಕುಳಿತಿದ್ದ ತಾಯಿ ಖಾತೂನ್‌ಬೀಗೂ ಅದು ಸರಿ ಅನ್ನಿಸಿತು. ದೊಡ್ಡವರನ್ನು ಕೇಳಿ ಮಾಡಿದವರು ಎಂದೂ ಕೆಟ್ಟಿಲ್ಲ ಎಂದಳು.

ಮಹೆಕ್ ಸೋಸಿದ ಸೊಪ್ಪನ್ನು ಒಂದು ಕಡೆ ಮಾಡಿದಳು. ಪಾಠದ ಕನ್ನಡದಲ್ಲೇ ಹೇಳಿದಳು.

“ನಾ ಕೇಳಿದ್ದೆ. ಅವ್ರನ್ನ ರಾಯಚೂರಿನ ದವಾಖಾನಿಗೆ ಕರ್ಕೊಂಡ್ ಹೋಗ್ಲೇನು ಅಂತ. ಮಾವ ಸಂತೆಕಲ್ಲೂರಾಗ ಇದ್ರು, ಫೋನ್ ಹತ್ತಲಿಲ್ಲ. ಸಂಜೀಗೆ ಬಂದ್ರು. ಬಂದ ಕೂಡ್ಲೆ ಹೂಂ ಅಂದ್ರು.”

ಖಾತೂನ್‌ಬೀ ಒಲೆಯ ಕಡೆ ತಿರುಗಿದಳು. ಆಸೀಫ್ ತನ್ನ ಅಂಗೈಯ ಸುಟ್ಟ ಗುರುತು ನೋಡಿಕೊಂಡ.

“ಮೊದ್ಲಿಂದ ಹೇಳು,” ಎಂದಳು ಮಹೆಕ್.

ಆಮೇಲೆ ಅವನು ಎಡವಲಿಲ್ಲ. ಹೊಟ್ಟು, ಫ್ಯಾನು, ಬೆಂಕಿ. ನಮಾಜಿನ ಸಾಲುಗಳ ಹಾಗೆ ತಾನೇ ತಾನಾಗಿ ಬರುವಷ್ಟು ಗಟ್ಟಿಯಾಯಿತು.

ಪರೀಕ್ಷೆಗೆ ಇನ್ನೂ ಕೆಲವು ವಾರಗಳಿದ್ದವು. ಆ ಶುಕ್ರವಾರ ಮಧ್ಯಾಹ್ನ ಮಾನಪ್ಪ ಸಾವಕಾರರು ಲಿಂಗಸುಗೂರಿನಲ್ಲಿ ಒಂದು ಮದುವೆಗೆ ಹೋಗಿದ್ದರು. ಜುಮ್ಮಾ ನಮಾಜಿಗೆ ಶಾವಲಿ ಚಾಚಾ, ಆಸೀಫ್ ಇಬ್ಬರೂ ಒಟ್ಟಿಗೆ ಹೋಗುವಂತಿರಲಿಲ್ಲ. ಒಂದು ವಾರ ಇವನು, ಒಂದು ವಾರ ಅವನು. ಆ ವಾರ ಚಾಚಾನ ಸರದಿ. ಭತ್ತದ ತೊಟ್ಟಿಗೆ ಉಗಿ ಬಿಟ್ಟು ಆಗಲೇ ಸ್ವಲ್ಪ ಹೊತ್ತಾಗಿತ್ತು.

ಆಸೀಫ್ ಬೂದಿ ತೆಗೆದು ಬಂದು ಗ್ಲಾಸಿನ ಕಡೆ ನೋಡಿದ. ಗೆರೆ ಇಲ್ಲ. ಬಗ್ಗಿ ನೋಡಿದ. ಅಂಗಿಯ ತುದಿಯಿಂದ ಗಾಜು ಒರೆಸಿ ನೋಡಿದ. ಮೇಲಿನಿಂದ ಕೆಳಗಿನ ತನಕ ಒಂದೇ ಸಮ, ಏನೂ ಇಲ್ಲ.

ಕೈ ಕಿಸೆಗೆ ಹೋಯಿತು. ಫೋನು ಬೆರಳಿಗೆ ತಾಗಿತು. ಅಲ್ಲಿಂದ ಕೈಯನ್ನು ಹೊರಗೆ ತೆಗೆದುಕೊಂಡದ್ದು ಅವನಿಗೆ ಆಮೇಲೂ ಸ್ಪಷ್ಟವಾಗಿ ನೆನಪಿತ್ತು. ಹೊಟ್ಟಿನ ಬಾಯಿ ಮುಚ್ಚಿದ. ಫ್ಯಾನ್ ನಿಲ್ಲಿಸಿದ. ಉದ್ದನೆಯ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಬೆಂಕಿಯನ್ನು ಹೊರಗೆ ಎಳೆಯತೊಡಗಿದ. ಸದ್ದಿಗೆ ಹುಲಿಗೇಶ ಓಡಿ ಬಂದ.

“ಲೇ ಆಸೀಫಾ, ಏನ್ ಮಾಡಾಕತ್ತಿ? ಸಾವಕಾರ್ರನ್ನ ಕೇಳಿದ್ಯೇನ್ ಬೇ?”

“ಇಲ್ಲ.”

“ಚಾಚಾನ್ನ?”

“ಇಲ್ಲ. ನೀ ಇನ್ನೊಂದ್ ಕೊಕ್ಕಿ ತಗೋ.”

ಹುಲಿಗೇಶ ಒಂದು ಗಳಿಗೆ ಗ್ಲಾಸನ್ನು ನೋಡಿದ, ಒಂದು ಗಳಿಗೆ ಬಾಗಿಲನ್ನು ನೋಡಿದ. ಓಡಿಹೋಗುವುದೋ ನಿಲ್ಲುವುದೋ ತೀರ್ಮಾನವಾಗಲಿಲ್ಲ. ಕೊನೆಗೆ ಕೊಕ್ಕೆ ತೆಗೆದುಕೊಂಡ. ಕೆಂಡ ನೆಲದ ಮೇಲೆ ಹರವಿ ಬೂದಿ ಮುಚ್ಚುವಷ್ಟರಲ್ಲಿ ಇಬ್ಬರ ಹುಬ್ಬಿನ ಕೂದಲೂ ಸುಟ್ಟಿದ್ದವು. ಉಗಿ ಇಳಿಯಿತು. ತೊಟ್ಟಿಯಲ್ಲಿ ಭತ್ತ ಅರ್ಧ ಬೆಂದು ಕುಳಿತಿತು.

ಶಾವಲಿ ಚಾಚಾ ಟೋಪಿ ತಲೆಯ ಮೇಲಿರುವಾಗಲೇ ಬಂದ. ನೆಲದ ಮೇಲಿನ ಬೂದಿ ನೋಡಿದ, ಇಬ್ಬರ ಮುಖ ನೋಡಿದ. ನೇರವಾಗಿ ಹೋಗಿ ಗ್ಲಾಸಿನ ಕೆಳತುದಿಯ ಸಣ್ಣ ನಲ್ಲಿಯನ್ನು ತಿರುಗಿಸಿದ. ಬುಸ್ಸೆಂದು ಬಿಸಿನೀರು ಚಿಮ್ಮಿತು. ಚಾಚಾ ಕಾಲು ಹಿಂದೆ ತೆಗೆದುಕೊಂಡ. ನೀರು ಬರುತ್ತಲೇ ಇತ್ತು.

ನೀರು ತೀರಿದ್ದರೆ ಬರೀ ಉಗಿ ಬರಬೇಕಿತ್ತು. ಬಾಯ್ಲರು ಖಾಲಿಯಾಗಿರಲಿಲ್ಲ, ತುಂಬಿತ್ತು. ನೀರಿನ ಪಂಪನ್ನು ಆಸೀಫ್ ನಿಲ್ಲಿಸಿದ್ದಾನೆಂದು ಹುಲಿಗೇಶ, ಹುಲಿಗೇಶ ನಿಲ್ಲಿಸಿದ್ದಾನೆಂದು ಆಸೀಫ್ ತಿಳಿದಿದ್ದರು. ಅದು ಬೆಳಗಿನಿಂದ ಓಡುತ್ತಲೇ ಇತ್ತು. ನೀರು ಗ್ಲಾಸಿನ ಮೇಲಿನ ತುದಿಯನ್ನೂ ದಾಟಿ ಹೋಗಿತ್ತು. ಪೂರ್ತಿ ತುಂಬಿದ ಗಾಜಿನಲ್ಲೂ ಗೆರೆ ಇರುವುದಿಲ್ಲ, ಪೂರ್ತಿ ಖಾಲಿಯಾದದ್ದರಲ್ಲೂ ಇರುವುದಿಲ್ಲ. ನೋಡುವುದಕ್ಕೆ ಎರಡೂ ಒಂದೇ.

“ಪರವಾ ಇಲ್ಲ ಬೇಟಾ,” ಎಂದ ಚಾಚಾ. “ನನಗೂ ಒಮ್ಮೆ ಹಿಂಗ ಆಗಿತ್ತು.” ಅಷ್ಟು ಹೇಳಿ ಟೋಪಿ ಮಡಚಿ ಕಿಸೆಗೆ ಹಾಕಿಕೊಂಡು ಪಂಪು ನಿಲ್ಲಿಸಲು ಹೋದ.

ಆಸೀಫ್ ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಮಹೆಕ್ ಎದ್ದು ಹೋಗಿ ಪುಸ್ತಕ ತಂದಳು. ಬೆಂಕಿ ಎಳೆಯುವ ಪುಟ ತೆರೆದಳು. ಆಮೇಲೆ ಒಂದು ಹಾಳೆ ಹಿಂದಕ್ಕೆ ತಿರುವಿದಳು. ಗೆರೆ ಕಾಣದಿದ್ದರೆ ಮೊದಲು ಗ್ಲಾಸಿನ ನಲ್ಲಿ ತೆರೆದು, ನೀರು ಕೆಳಗಿದೆಯೋ ಮೇಲಿದೆಯೋ ಪರೀಕ್ಷಿಸಬೇಕು ಎಂದು ಅಲ್ಲಿ ಅಚ್ಚಾಗಿತ್ತು. ಎರಡೇ ಸಾಲು.

“ಈ ಪುಟ ನಾ ಕೇಳೇ ಇಲ್ಲ ನಿನಗ,” ಎಂದಳು.

“ನಾನೂ ಓದೀನಿ ಆಪಾ ಅದನ್ನ. ಮರ್ತಿದ್ದೆ.”

“ಮರ್ತಿಲ್ಲ. ನಾ ದಾಟ್ಸೀನಿ.” ಅವಳು ಆ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದಳು. “ಬೆಂಕಿ ತನಕ ಲಗೂನ ಬರ್ಲಿ ಅಂತ.”

ಅವಳ ದನಿಯಲ್ಲಿ ಏನೂ ಇರಲಿಲ್ಲ. ಆಸೀಫ್ ಕೈ ತೊಳೆದು ಬಂದು ಊಟಕ್ಕೆ ಕುಳಿತ.

ಮರುದಿನ ಮಾನಪ್ಪ ಸಾವಕಾರರು ಅವನನ್ನು ಆಫೀಸಿಗೆ ಕರೆಸಿದರು. ತೊಟ್ಟಿಯ ಭತ್ತ ಅಷ್ಟೂ ನಾರುತ್ತಿತ್ತು. ಆ ವಾಸನೆ ಆಫೀಸಿನವರೆಗೂ ಬಂದಿತ್ತು. ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕಾದರೆ ಇವನು ನಮ್ಮಲ್ಲಿ ಬಾಯ್ಲರಿನ ಕೆಲಸ ಮಾಡುತ್ತಿದ್ದಾನೆ ಎಂದು ಮಿಲ್ಲಿನವರು ಸಹಿ ಹಾಕಿಕೊಡಬೇಕು. ಆ ಕಾಗದ ವಾರದಿಂದ ಅವರ ಮೇಜಿನ ಮೇಲೇ ಬಿದ್ದಿತ್ತು. ಶಾವಲಿ ಚಾಚಾ ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತ.

ಸಾವಕಾರರು ಭತ್ತದ ಮಾತೇ ಎತ್ತಲಿಲ್ಲ. ನಾನೇನು ಸತ್ತಿರಲಿಲ್ಲ, ಲಿಂಗಸುಗೂರಿನಲ್ಲಿ ಊಟಕ್ಕೆ ಕುಳಿತಿದ್ದೆ, ಫೋನು ಎದುರಿಗೇ ಇತ್ತು ಎಂದರು. ಇಷ್ಟು ವರ್ಷ ಮಗನ ಹಾಗೆ ನೋಡಿಕೊಂಡದ್ದಕ್ಕೆ ಇದೇನು ಫಲ ಎಂದರು. ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

“ನನ್ನ ಒಂದ್ ಮಾತು ಕೇಳಿದ್ರ ನಿನ್ನ ಗಂಟೇನ್ ಹೋಕ್ಕಿತ್ತೋ?”

ಅದು ಕೆಲವು ವಾರಗಳ ಹಿಂದೆ ಆಸೀಫ್ ತಾನೇ ಅಕ್ಕನಿಗೆ ಆಡಿದ ಮಾತು. ಎದುರಿನವರ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಆಗಿ ಕಂಡಿತು. ಅವನು ತಲೆ ಎತ್ತಿದ.

“ಕೇಳಿದ್ರ ಏನ್ ಹೇಳ್ತಿದ್ರಿ ಸಾವಕಾರ್ರ? ಗ್ಲಾಸಿನ್ಯಾಗ ನೀರಿಲ್ಲ ಅಂತಿದ್ದೆ ನಾನು.”

“ನೀರಿಲ್ಲಂದ್ರ ನೀರು ಬಿಡು ಅಂತಿದ್ದೆ. ಇನ್ನೇನ್ ಹೇಳ್ತಾರ?”

ಬಾಗಿಲಲ್ಲಿ ಶಾವಲಿ ಚಾಚಾ ಸಣ್ಣಗೆ ಕೆಮ್ಮಿದ. ಸಾವಕಾರರು ಅವನ ಕಡೆ ನೋಡಿದರು. ಅವರೂ ಮಿಲ್ಲಿನಲ್ಲೇ ಬೆಳೆದವರು. ಖಾಲಿಯಾಗಿ ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲೆಯ ಮುಂದೆ ಕುಳಿತು ಫೋನಿನಲ್ಲಿ ಹೇಳುವಾಗ ನೆನಪಾಗುತ್ತಿರಲಿಲ್ಲ, ಅಷ್ಟೇ. ಹೊರಗೆ ಹಮಾಲರು ಲಾರಿಗೆ ಚೀಲ ಎಸೆಯುವ ಸದ್ದು ಕೇಳುತ್ತಿತ್ತು.

“ತುಂಬಿತ್ತಲ್ಲ ಪುಣ್ಯಕ್ಕ,” ಎಂದರು ಕೊನೆಗೆ. ಪೆನ್ನು ಹುಡುಕಿ ಕಾಗದಕ್ಕೆ ಸಹಿ ಹಾಕಿದರು. ಅವನ ಕೈಗೆ ಕೊಡದೆ ಮೇಜಿನ ಈಚೆಗೆ ತಳ್ಳಿದರು. ಈ ಸಲವೂ ಆಗದಿದ್ದರೆ ಗಂಗಾವತಿಯವನಿಗೆ ಯುಗಾದಿಗೆ ಬಾ ಎಂದು ಹೇಳುವುದಾಗಿ ತಿಳಿಸಿದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆಸೀಫನಿಗೆ ಹಗುರಾಗುತ್ತಿತ್ತು.

ಉಳಿದ ದಿನಗಳಲ್ಲಿ ಮಹೆಕ್ ಪುಸ್ತಕವನ್ನು ಮೊದಲ ಪುಟದಿಂದ ಕೇಳಿದಳು. ಒಂದು ಸಾಲನ್ನೂ ದಾಟಿಸಲಿಲ್ಲ. ಉತ್ತರ ಬೇಗ ಬಂದರೆ ಅವಳಿಗೆ ಸರಿಬೀಳುತ್ತಿರಲಿಲ್ಲ. ನಿಂತು, ನೋಡಿ ಹೇಳು ಎನ್ನುತ್ತಿದ್ದಳು. ಮಿಲ್ಲಿನಲ್ಲಿ ಆಸೀಫ್ ದಿನಕ್ಕೆ ಹತ್ತಾರು ಸಲ ಗ್ಲಾಸಿನ ನಲ್ಲಿ ತಿರುಗಿಸತೊಡಗಿದ. ಆ ಗಾಜಿಗೆ ಉಚ್ಚೆ ಹೊಯ್ಯಿಸುವುದೇ ನಿನಗೆ ಕೆಲಸವಾಯಿತು ಎಂದು ಹುಲಿಗೇಶ ನಕ್ಕ.

ಎರಡನೆಯ ಸಲವೂ ಅದೇ ಕೋಣೆ, ನಡುವೆ ಅದೇ ಕನ್ನಡಕದವರು. ಅವರಿಗೆ ಇವನ ಗುರುತು ಹತ್ತಲಿಲ್ಲ. ಎಡಕ್ಕೆ ಕುಳಿತಿದ್ದ ಹೊಸ ಅಧಿಕಾರಿ ಸೇಫ್ಟಿ ವಾಲ್ವಿನ ಬಗ್ಗೆ ಕೇಳಿದರು, ಉಪ್ಪುನೀರಿನಿಂದ ಒಳಗೆ ಕಟ್ಟುವ ಪದರದ ಬಗ್ಗೆ ಕೇಳಿದರು. ಒಂದಕ್ಕೆ ತಪ್ಪು ಹೇಳಿದ. ಆಮೇಲೆ ಕನ್ನಡಕದವರು ಕಾಗದದಿಂದ ತಲೆ ಎತ್ತದೆ ಆ ಪ್ರಶ್ನೆ ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆಯಿರಬೇಕು.

“ಮೊದ್ಲು ಗ್ಲಾಸಿನ ಕೆಳಗಿನ ನಲ್ಲಿ ತೆರೀತೀನ್ರಿ,” ಎಂದ ಆಸೀಫ್. “ಖಾಲಿ ಐತೋ ತುಂಬೇತೋ ನೋಡ್ತೀನಿ. ಮ್ಯಾಲ ನೋಡಾಕ ಎರಡೂ ಒಂದೇ ಇರ್ತಾವ್ರಿ.”

“ಖಾಲಿ ಇದ್ರೆ?”

“ಹೊಟ್ಟು ಬಂದ್, ಫ್ಯಾನ್ ಬಂದ್. ಬೆಂಕಿ ಹೊರಗ ಎಳೀತೀನಿ.”

“ನಿಮ್ಮ ಮಾಲೀಕರು ಅಲ್ಲೇ ನಿಂತಿದ್ದಾರೆ ಅಂತಿಟ್ಕೋ. ಏ, ನೀರು ಬಿಡೋ ಅಂತಾರೆ. ಆವಾಗ?”

ಆಸೀಫನ ಕಣ್ಣಿಗೆ ಮಾನಪ್ಪ ಸಾವಕಾರರು ಕಂಡರು. ಎಲೆಯ ಮುಂದೆ ಕುಳಿತು, ಒಂದು ಕೈಯಲ್ಲಿ ಫೋನು ಹಿಡಿದುಕೊಂಡು. ಅವನು ನಿಂತು ನೋಡಿ ಹೇಳಿದ.

“ಅನ್ಲಿ ಬಿಡ್ರಿ.”

ಕನ್ನಡಕದವರು ತಲೆ ಎತ್ತಿದರು. “ಅಂದ್ರೆ?”

“ಅವ್ರು ಅಂತಿರ್ತಾರ್ರಿ. ನಾ ಬೆಂಕಿ ಎಳೀತಿರ್ತೀನಿ.”

ಈ ಸಲ ನಕ್ಕದ್ದು ಹೊಸ ಅಧಿಕಾರಿಯೊಬ್ಬರೇ. ಕನ್ನಡಕದವರು ಏನೋ ಬರೆದುಕೊಂಡು ಹೋಗಬಹುದು ಎಂದರು.

ಫಲಿತಾಂಶ ಬಂದಾಗ ಆಸೀಫ್ ಪಾಸಾಗಿದ್ದ. ಮಾನಪ್ಪ ಸಾವಕಾರರು ಗಂಗಾವತಿಗೆ ಫೋನು ಮಾಡಿ ಬರುವುದು ಬೇಡ ಎಂದರು. ಶಾವಲಿ ಚಾಚಾ ಬಾಯ್ಲರಿನ ಮೈಯನ್ನು ಒಮ್ಮೆ ಎಮ್ಮೆಯ ಬೆನ್ನಿನಂತೆ ತಟ್ಟಿ, ಮುದಗಲ್ಲಿನ ಬಸ್ಸು ಹತ್ತಿದ. ಖಾತೂನ್‌ಬೀ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು.

ಮಹೆಕ್ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸುದ್ದಿ ಕೇಳಿ, ಚಲೋ ಆತು ಎಂದಳು. ಆಸೀಫ್ ಅವಳ ಎದುರಿಗೆ ಕುಳಿತು ಕೈಯಾಡಿಸಿ ಒಂದೆರಡು ಕಲ್ಲು ತೆಗೆದ. ಪಾಠ ಮುಗಿದಿತ್ತು, ದಖನಿಯಲ್ಲೇ ಮಾತಾಡಬಹುದಿತ್ತು. ಅವಳು ಕನ್ನಡದಲ್ಲೇ ಕೇಳಿದಳು.

“ಖಾಲಿ ಇದ್ರ ಏನ್ ಮಾಡ್ತಿ ಅಂತ ಕೇಳಿದ್ರು ಅಂದಿ. ತುಂಬಿದ್ರ ಅಂತ ಕೇಳ್ಲಿಲ್ಲೇನು?”

“ಇಲ್ಲ ಆಪಾ.”

“ಕೇಳಿದ್ರ?”

“ಒಮ್ಮಿಂದೊಮ್ಮೆಲೆ ಬಿಡಂಗಿಲ್ಲ. ಪಂಪ್ ಬಂದ್ ಮಾಡಿ, ಕೆಳಗಿನ ವಾಲ್ವ್ ತೆರೆದು, ಹಗೂರಕ ಸ್ವಲ್ಪ ಸ್ವಲ್ಪ ನೀರು ಹೊರಗ ಬಿಡ್ತೀನಿ. ಗೆರಿ ಕಾಣೂತನ ಕಾಯ್ತೀನಿ.”

ಮಹೆಕ್ ಮೊರದಲ್ಲಿನ ಅಕ್ಕಿಯನ್ನು ನೋಡುತ್ತ ಕುಳಿತಳು. ಆ ಗಾಜಿನಂತೆ ಅವಳ ಮುಖದಲ್ಲೂ ಗೆರೆ ಇರಲಿಲ್ಲ. ಆಮೇಲೆ, ಇನ್ನೊಮ್ಮೆ ಹೇಳು ಎಂದಳು. ಅವನು ಹೇಳಿದ.